ಪ್ರಾರ್ಥನೆಯಿಂದ ನೇಗಿಲಿಗೆ: ಯೆಹೂದಿ ನೆಲೆಗಳ ಮೊದಲ ದಿನಗಳು

ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆಯ ನೆನಪಿಗೆ ನಿಲ್ಲಿಸಿದ ಕಲ್ಲಿನ ಸ್ತಂಭವೊಂದಿದೆ. ಒಂದನೆಯ ಮಹಾಯುದ್ಧದ ಕಾಲದಲ್ಲಿ ಮೈಸೂರು ಸಂಸ್ಥಾನ ಕಳಿಸಿಕೊಟ್ಟ ಈ ಕುದುರೆ ಪಡೆ ಮೊದಲು ಸೂಯೆಜ್ ಕಾಲುವೆಯ ಕಾವಲಿನಲ್ಲಿತ್ತು, ಬಳಿಕ ಪ್ಯಾಲೆಸ್ಟೈನಿಗೆ ನಡೆಯಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರು ಹೈಫಾ ಪಟ್ಟಣದೊಳಕ್ಕೆ ನುಗ್ಗಿದರೆ, ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಕಡಿದಾದ ಇಳಿಜಾರನ್ನು ಹತ್ತಿ ಮೇಲಿದ್ದ ತುರ್ಕಿ ಫಿರಂಗಿಗಳನ್ನು ವಶಪಡಿಸಿಕೊಂಡಿತು. ಸುಮಾರು 1,350 ಮಂದಿ ಸೆರೆ ಸಿಕ್ಕರು. ಭಾರತೀಯ ಸವಾರರಲ್ಲಿ 8 ಮಂದಿ ಸತ್ತು 34 ಮಂದಿ ಗಾಯಗೊಂಡರು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂವರು ಸೈನಿಕರಲ್ಲಿ ಒಬ್ಬ ಮೈಸೂರಿನವನು. ಆ ವೃತ್ತಕ್ಕೆ 2018ರಲ್ಲಿ ಹೈಫಾದ ಹೆಸರನ್ನೂ ಸೇರಿಸಲಾಯಿತು.

ಈ ಕಾಳಗದ ಕಥೆ ಕನ್ನಡಿಗರಲ್ಲಿ ಹಲವರಿಗೆ ಗೊತ್ತು. ಆದರೆ ಸವಾರರು ಹೈಫಾಕ್ಕೆ ಬಂದದ್ದು ಅಫೂಲಾ ಎಂಬ ಊರಿನ ಕಡೆಯಿಂದ, ಅರಬ್ಬರು ಮರ್ಜ್ ಇಬ್ನ್ ಆಮಿರ್ ಎಂದೂ ಯೆಹೂದಿಗಳು ಜೆಜ್ರೀಲ್ ಎಂದೂ ಕರೆಯುವ ವಿಶಾಲ ಬಯಲಿನ ಮೂಲಕ. ಆ ಬಯಲಿನ ಒಂದು ಪಾಲು ಕೇವಲ ಎಂಟು ವರ್ಷಗಳ ಹಿಂದೆ, 1910ರಲ್ಲಿ, ಕೈ ಬದಲಾಗಿತ್ತು. ಬೈರೂತಿನ ಒಬ್ಬ ಶ್ರೀಮಂತ ವರ್ತಕ ಮನೆತನದವರು ಮಾರಿದರು, ಯೆಹೂದಿ ಸಂಸ್ಥೆಯವರು ಕೊಂಡರು, ಉಳುತ್ತಿದ್ದ ಅರಬ್ ರೈತರು ಬಿಟ್ಟೇಳಬೇಕಾಯಿತು. ಇಂದಿಗೂ ಆರದ ಜಗಳವೊಂದರ ಬೇರು ಹುಡುಕುವವರು ಯುದ್ಧಗಳಿಗಿಂತ ಮೊದಲು ಇಂಥ ಕ್ರಯಪತ್ರಗಳನ್ನು ನೋಡಬೇಕಾಗುತ್ತದೆ.

ಆ ಕ್ರಯಪತ್ರದವರೆಗಿನ ದಾರಿ ಹೇಗೆ ಬಂತು? ಎರಡು ಸಾವಿರ ವರ್ಷ ಪ್ರಾರ್ಥನೆಯಾಗಿ ಉಳಿದಿದ್ದ ಮಾತು ಕೇವಲ ಮೂವತ್ತು ನಲವತ್ತು ವರ್ಷಗಳಲ್ಲಿ ಚಳವಳಿಯಾದದ್ದು ಏಕೆ? ಅದೇ ಪ್ರಾರ್ಥನೆಯನ್ನು ಹೇಳುತ್ತಿದ್ದ ನಮ್ಮ ಪಶ್ಚಿಮ ಕರಾವಳಿಯ ಯೆಹೂದಿಗಳು ಆ ಚಳವಳಿಗೆ ಮೊದಲು ಓಗೊಡದೆ ಹೋದದ್ದು ಏಕೆ? ಈ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ.

ಕರಾವಳಿಯ ಯೆಹೂದಿಗಳು

ಕ್ರಿ.ಶ. 70ರಲ್ಲಿ ರೋಮನರು ಜೆರುಸಲೇಮಿನ ದೇವಾಲಯವನ್ನು ಕೆಡವಿದ ಮೇಲೆ ಯೆಹೂದಿಗಳು ಹಲವು ದೇಶಗಳಲ್ಲಿ ಚದುರಿ ಬಾಳಿದರು. ಜಿಯೋನ್ ಎಂಬುದು ಜೆರುಸಲೇಮಿನ ಒಂದು ಬೆಟ್ಟದ ಹೆಸರು. ಕನ್ನಡ ಬೈಬಲ್ ಓದಿದವರಿಗೆ ಅದು ಚೀಯೋನ್ ಎಂದು ಪರಿಚಿತ. ಕಾಲಕ್ರಮದಲ್ಲಿ ಆ ಹೆಸರು ಇಡೀ ನಗರಕ್ಕೆ, ಕಳೆದುಕೊಂಡ ನಾಡಿಗೆ ಸಂಕೇತವಾಯಿತು. ನಿತ್ಯದ ಪ್ರಾರ್ಥನೆಯಲ್ಲಿ, ಹಬ್ಬದ ಊಟದಲ್ಲಿ, ಮದುವೆಯಲ್ಲಿ ಕೂಡ ಜೆರುಸಲೇಮಿನ ಸ್ಮರಣೆ ತಪ್ಪುತ್ತಿರಲಿಲ್ಲ. ಆದರೆ ಮರಳುವ ಕಾಲ ದೇವರಿಗೆ ಬಿಟ್ಟದ್ದು, ಅವನು ಕಳಿಸುವ ಮೆಸ್ಸೀಯ ಬಂದಾಗ ಆಗತಕ್ಕದ್ದು ಎಂಬುದೇ ಬಹುಪಾಲು ಜನರ ನಂಬಿಕೆಯಾಗಿತ್ತು.

ಈ ನಂಬಿಕೆಯ ಜೊತೆಗೇ ಅವರು ಹೋದ ಕಡೆ ಬೇರುಬಿಟ್ಟರು. ಹನ್ನೆರಡನೆಯ ಶತಮಾನದಲ್ಲಿ ಟ್ಯುನೀಷಿಯಾದ ಮಹ್ದಿಯಾ ಪಟ್ಟಣದ ವರ್ತಕ ಅಬ್ರಹಾಂ ಬೆನ್ ಯಿಜು ಮಂಗಳೂರಿಗೆ ಬಂದು, 1132ರ ಸುಮಾರಿನಿಂದ 1149ರವರೆಗೆ ಹೆಚ್ಚುಕಡಿಮೆ ಹದಿನೇಳು ವರ್ಷ ಇಲ್ಲಿದ್ದ. ಮೆಣಸು, ಅಡಿಕೆ, ಕಬ್ಬಿಣಗಳ ವ್ಯಾಪಾರದೊಂದಿಗೆ ಕಂಚಿನ ಪಾತ್ರೆಗಳ ಕಾರ್ಖಾನೆಯನ್ನೂ ನಡೆಸಿದ. ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಮಂಗಳೂರಿನಲ್ಲಿ ಬರೆದದ್ದು, 1132ರ ಅಕ್ಟೋಬರಿನದು. ಅವನ ಪರವಾಗಿ ಏಡನ್‌ಗೆ ಹೋಗಿ ಬರುತ್ತಿದ್ದ ಆಳಿನ ಹೆಸರನ್ನು ಬೊಮ್ಮ ಎಂದು ಓದಲಾಗಿದೆ. ಈ ಕಾಗದಗಳೆಲ್ಲ ಕೈರೋದ ಹಳೆಯ ಸಿನಗಾಗ್‌ನ ಉಗ್ರಾಣದಲ್ಲಿ ದೊರೆತವು. ಅಮಿತಾವ್ ಘೋಷ್ ಅವರ 1992ರ ಪುಸ್ತಕದಿಂದಾಗಿ ಬೆನ್ ಯಿಜು, ಬೊಮ್ಮರ ಹೆಸರು ಸಾಮಾನ್ಯ ಓದುಗರಿಗೂ ತಲುಪಿತು. ಬೆನ್ ಯಿಜು ಕೊನೆಗೆ ಮಂಗಳೂರು ಬಿಟ್ಟು ಹೊರಟದ್ದು ಜೆರುಸಲೇಮಿಗಲ್ಲ, ಏಡನ್‌ಗೆ. ನಾರ್ಮನರ ದಾಳಿಯಿಂದ ಚೆಲ್ಲಾಪಿಲ್ಲಿಯಾದ ಸೋದರರನ್ನು ಹುಡುಕುವ ಚಿಂತೆ ಅವನದಾಗಿತ್ತು.

ಕೊಂಕಣದ ಬೆನೆ ಇಸ್ರೇಲ್ ಸಮುದಾಯದ್ದು ಇನ್ನೂ ಗಟ್ಟಿಯಾದ ಬೇರು. ಹಡಗು ಒಡೆದು ದಡ ಸೇರಿದ ಕೆಲವೇ ಜನರ ಸಂತತಿ ತಾವೆಂಬುದು ಅವರ ಪರಂಪರೆಯ ಮಾತು. ಊರವರು ಅವರನ್ನು ಶನಿವಾರ ತೇಲಿ ಎಂದು ಕರೆಯುತ್ತಿದ್ದರು. ಶನಿವಾರ ಗಾಣ ಕಟ್ಟದ ಗಾಣಿಗರು ಎಂದು ಅದರ ಅರ್ಥ. ಮನೆಮಾತು ಮರಾಠಿ, ಅಡ್ಡಹೆಸರು ಊರಿನ ಹೆಸರಿನ ಮುಂದೆ 'ಕರ್' ಸೇರಿಸಿದ್ದು. ಬ್ರಿಟಿಷರ ಕಾಲದಲ್ಲಿ ಮುಂಬಯಿ ಸೈನ್ಯ, ರೈಲ್ವೆ, ಸರ್ಕಾರಿ ಕಚೇರಿಗಳಿಗೆ ಸೇರಿ, ಬೆಳಗಾವಿ, ಧಾರವಾಡಗಳನ್ನೂ ಒಳಗೊಂಡಿದ್ದ ಮುಂಬಯಿ ಪ್ರಾಂತದಲ್ಲಿ ವರ್ಗವಾದ ಕಡೆಗೆಲ್ಲ ಹೋಗಿ ಇದ್ದವರು ಇವರು.

ಇವರ ಇತಿಹಾಸದ ಒಂದು ಪ್ರಸಂಗ ಮೈಸೂರಿಗೆ ಸಂಬಂಧಿಸಿದ್ದು. ಕಂಪನಿ ಸೈನ್ಯದಲ್ಲಿದ್ದ ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್ ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕರು. ಇವರು ಬೆನೆ ಇಸ್ರೇಲ್ ಎಂದು ತಿಳಿದ ಟಿಪ್ಪುವಿನ ತಾಯಿ, ಕುರಾನಿನಲ್ಲಿ ಹೇಳಿರುವ ಜನ ಇವರೇ ಎಂದು ಪ್ರಾಣ ಉಳಿಸಿದರು ಎಂಬ ಕಥೆಯನ್ನು ಸಮುದಾಯ ಇಂದಿಗೂ ಹೇಳಿಕೊಳ್ಳುತ್ತದೆ. ಬಿಡುಗಡೆಯಾಗಿ ಬಂದ ದಿವೇಕರ್ 1796ರಲ್ಲಿ ಹರಕೆ ತೀರಿಸಿದಂತೆ ಮುಂಬಯಿಯ ಮೊದಲ ಸಿನಗಾಗ್ ಕಟ್ಟಿಸಿದರು. ಅದು ಕೃಪೆಯ ಬಾಗಿಲು ಎಂಬ ಹೆಸರಿನಿಂದ ಇಂದಿಗೂ ಇದೆ. ಸೆರೆಯಿಂದ ಬದುಕಿ ಬಂದವನು ಕೃತಜ್ಞತೆಯಿಂದ ಕಟ್ಟಿಸಿದ ಪ್ರಾರ್ಥನಾಮಂದಿರ ಜೆರುಸಲೇಮಿನಲ್ಲಲ್ಲ, ಮುಂಬಯಿಯಲ್ಲಿ ಎದ್ದು ನಿಂತಿತು ಎಂಬುದು ಗಮನಿಸತಕ್ಕ ಸಂಗತಿ.

ಕಾಶಿವಾಸದಂತಿದ್ದ ನೆಲೆ

ಹಾಗೆಂದು ಪ್ಯಾಲೆಸ್ಟೈನಿನಲ್ಲಿ ಯೆಹೂದಿಗಳೇ ಇರಲಿಲ್ಲವೆಂದಲ್ಲ. ಜೆರುಸಲೇಮ್, ಹೆಬ್ರಾನ್, ಸಫೇದ್, ಟೈಬೀರಿಯಸ್ ಎಂಬ ನಾಲ್ಕು ಪವಿತ್ರ ಊರುಗಳಲ್ಲಿ ಅವರು ತಲೆಮಾರುಗಳಿಂದ ಇದ್ದರು. 1880ರ ಹೊತ್ತಿಗೆ ಅವರ ಸಂಖ್ಯೆ ಸುಮಾರು 25 ಸಾವಿರ. ಕೆಲವರು ಅಲ್ಲಿಯೇ ಹುಟ್ಟಿ ಬೆಳೆದ ಅರಬ್ಬೀ ಮಾತಿನವರು. ಇನ್ನು ಹಲವರು ಧರ್ಮಗ್ರಂಥ ಓದಿಕೊಂಡು, ಪವಿತ್ರ ಮಣ್ಣಿನಲ್ಲಿ ದೇಹ ಬಿಡಲು ಬಂದ ವೃದ್ಧರು, ಪಂಡಿತರು. ನಮ್ಮವರು ಕಾಶಿವಾಸಕ್ಕೆ ಹೋಗುತ್ತಿದ್ದುದನ್ನು ನೆನೆದರೆ ಇವರ ಬಾಳಿನ ರೀತಿ ಅರ್ಥವಾಗುತ್ತದೆ. ಯೂರೋಪಿನ ಊರೂರುಗಳಲ್ಲಿ ಸಂಗ್ರಹವಾಗಿ ಬರುತ್ತಿದ್ದ ದಾನದ ಹಣದಲ್ಲಿ ಇವರ ಜೀವನ ಸಾಗುತ್ತಿತ್ತು.

ಈ ಸ್ಥಿತಿಯನ್ನು ಬದಲಿಸಬೇಕೆಂಬ ಮಾತು ಹತ್ತೊಂಬತ್ತನೆಯ ಶತಮಾನದ ನಡುವೆ ಕೇಳತೊಡಗಿತು. ಯೆಹೂದಾ ಅಲ್ಕಲಾಯ್, ಜ್ವಿ ಹಿರ್ಷ್ ಕಾಲಿಷರ್ ಎಂಬಿಬ್ಬರು ಧರ್ಮಗುರುಗಳು, ಕೈಕಟ್ಟಿ ಕಾಯುವುದಕ್ಕಿಂತ ಮನುಷ್ಯ ಪ್ರಯತ್ನದಿಂದ ಬಿಡುಗಡೆಯನ್ನು ಹತ್ತಿರಕ್ಕೆ ತರಬಹುದು, ಅದಕ್ಕೆ ಬೇಸಾಯವೇ ಮೊದಲ ಹೆಜ್ಜೆ ಎಂದು ವಾದಿಸಿದರು. 1860ರಲ್ಲಿ ಇಂಗ್ಲೆಂಡಿನ ಸರ್ ಮೋಸೆಸ್ ಮಾಂಟೆಫಿಯೋರಿ ಜೆರುಸಲೇಮಿನ ಕೋಟೆಯ ಹೊರಗೆ ಬಡ ಯೆಹೂದಿಗಳಿಗಾಗಿ ವಸತಿಗಳನ್ನು ಕಟ್ಟಿಸಿದರು. 1862ರಲ್ಲಿ ಜರ್ಮನಿಯ ಸಮಾಜವಾದಿ ಮೋಸೆಸ್ ಹೆಸ್, ಯೆಹೂದಿಗಳು ಬರಿಯ ಒಂದು ಮತದವರಲ್ಲ, ಒಂದು ರಾಷ್ಟ್ರ ಎಂದು ಪುಸ್ತಕ ಬರೆದರು. 1870ರಲ್ಲಿ ಯಾಫಾ ಬಂದರಿನ ಬಳಿ ಫ್ರೆಂಚ್ ಯೆಹೂದಿಗಳ ಸಂಸ್ಥೆಯೊಂದು ಮಿಕ್ವೆ ಇಸ್ರೇಲ್ ಎಂಬ ಕೃಷಿ ಶಾಲೆ ತೆರೆಯಿತು. 1878ರಲ್ಲಿ ಜೆರುಸಲೇಮಿನ ಕೆಲವು ಯೆಹೂದಿಗಳೇ ಹೊರಬಂದು ಪೆತಾ ತಿಕ್ವಾ ಎಂಬ ಬೇಸಾಯದ ಹಳ್ಳಿ ಕಟ್ಟಲು ಹೊರಟರು. ಜೌಗು ನೆಲ, ಮಲೇರಿಯಾ. ಕೆಲವೇ ವರ್ಷಗಳಲ್ಲಿ ಊರು ಬಿಡಬೇಕಾಯಿತು. ಮುಂದೆ ಅದು ಮತ್ತೆ ಚಿಗುರಿತು.

ಇವೆಲ್ಲ ಅಲ್ಲೊಂದು ಇಲ್ಲೊಂದು ಪ್ರಯತ್ನಗಳು. ಇವನ್ನು ಚಳವಳಿಯಾಗಿಸಿದ್ದು ರಷ್ಯಾದ ಘಟನೆಗಳು.

1881ರ ಬೆಂಕಿ

1881ರಲ್ಲಿ ರಷ್ಯಾದ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನ ಕೊಲೆಯಾಯಿತು. ಕೊಂದವರು ಕ್ರಾಂತಿಕಾರಿಗಳು, ಸೇಡು ತಿರುಗಿದ್ದು ಯೆಹೂದಿಗಳ ಮೇಲೆ. ದಕ್ಷಿಣ ರಷ್ಯಾದ ಪಟ್ಟಣಗಳಲ್ಲಿ ಗುಂಪುಗಳು ಅವರ ಅಂಗಡಿ ಮನೆಗಳನ್ನು ಲೂಟಿ ಮಾಡಿದವು. ಮರುವರ್ಷ ಸರ್ಕಾರವೇ ಹೊಸ ಕಾನೂನು ತಂದು ಯೆಹೂದಿಗಳು ಹಳ್ಳಿಗಳಲ್ಲಿ ಹೊಸದಾಗಿ ನೆಲೆಸುವುದನ್ನು ತಡೆಯಿತು. ಕಲಿತರೆ, ದೇಶದ ಭಾಷೆ ಆಡಿದರೆ, ಎಲ್ಲರಂತೆ ಉಡುಪು ತೊಟ್ಟರೆ ಸಮಾನರಾಗಬಹುದೆಂದು ನಂಬಿದ್ದ ಒಂದು ತಲೆಮಾರಿನ ಭರವಸೆ ಕುಸಿದುಬಿತ್ತು. ಒಡೆಸ್ಸಾದ ವೈದ್ಯ ಲಿಯೋನ್ ಪಿನ್‌ಸ್ಕರ್ ಅಂಥವರಲ್ಲಿ ಒಬ್ಬರು. 1882ರಲ್ಲಿ ಅವರು ಬರೆದ ಪುಟ್ಟ ಪುಸ್ತಕದ ಸಾರ ಇಷ್ಟು: ಇತರರು ಬಂದು ವಿಮೋಚನೆ ಕೊಡುವರೆಂದು ಕಾಯುವುದು ವ್ಯರ್ಥ, ಯೆಹೂದಿಗಳು ತಮ್ಮ ಕಾಲ ಮೇಲೆ ನಿಲ್ಲಲು ತಮ್ಮದೇ ಆದ ಒಂದು ನೆಲ ಬೇಕು. ಆ ನೆಲ ಪ್ಯಾಲೆಸ್ಟೈನೇ ಆಗಬೇಕೆಂಬ ಹಟ ಅವರಿಗೆ ಮೊದಲಿಗೆ ಇರಲಿಲ್ಲ.

ರಷ್ಯಾ, ರೊಮೇನಿಯಾಗಳ ಊರೂರಿನಲ್ಲಿ ಜಿಯೋನ್ ಪ್ರೇಮಿಗಳ ಸಂಘಗಳು ಹುಟ್ಟಿಕೊಂಡವು. ಖಾರ್ಕೊವ್ ನಗರದ ಕೆಲವು ವಿದ್ಯಾರ್ಥಿಗಳು ಬಿಲು ಎಂಬ ಗುಂಪು ಕಟ್ಟಿದರು. ಅವರಲ್ಲಿ ಮೊದಲ 14 ಮಂದಿ 1882ರ ಜುಲೈನಲ್ಲಿ ಯಾಫಾದಲ್ಲಿ ಇಳಿದರು. ಅದೇ ತಿಂಗಳ ಕೊನೆಗೆ ರಿಶೋನ್ ಲೆಜಿಯೋನ್ ಎಂಬ ಹಳ್ಳಿ ಸ್ಥಾಪನೆಯಾಯಿತು. ಅದೇ ವರ್ಷ ರೊಮೇನಿಯಾದಿಂದ ಬಂದವರು ಉತ್ತರದಲ್ಲಿ ರೋಶ್ ಪಿನಾ, ಜಿಕ್ರೋನ್ ಯಾಕೋವ್ ಎಂಬ ನೆಲೆಗಳನ್ನು ಕಟ್ಟಿದರು. ಯೆಮೆನ್ ದೇಶದಿಂದಲೂ ಅದೇ ಸುಮಾರಿಗೆ ಯೆಹೂದಿ ಕುಟುಂಬಗಳು ಬಂದವು. ಇತಿಹಾಸಕಾರರು ಇದನ್ನು ಮೊದಲ ಅಲಿಯಾ ಎನ್ನುತ್ತಾರೆ. ಅಲಿಯಾ ಎಂದರೆ ಏರಿ ಹೋಗುವುದು. ತೀರ್ಥಕ್ಷೇತ್ರಕ್ಕೆ ಬೆಟ್ಟ ಹತ್ತಿ ಹೋಗುವ ಭಾವ ಆ ಪದದಲ್ಲಿದೆ.

ಬಂದವರಲ್ಲಿ ನೇಗಿಲು ಹಿಡಿದವರು ಕಡಿಮೆ. ಅಂಗಡಿಕಾರರು, ಗುಮಾಸ್ತರು, ವಿದ್ಯಾರ್ಥಿಗಳು ಬಿಸಿಲು, ಸೊಳ್ಳೆ, ನೀರಿಲ್ಲದ ಬಾವಿಗಳ ನಡುವೆ ಸೋತರು. ಪ್ಯಾರಿಸ್ಸಿನ ಬ್ಯಾಂಕರ್ ಬ್ಯಾರನ್ ಎಡ್ಮಂಡ್ ಡಿ ರಾಥ್‌ಶೀಲ್ಡ್ ನೆರವಿಗೆ ಬಾರದಿದ್ದರೆ ಹಲವು ನೆಲೆಗಳು ಮೊದಲ ಕೆಲವು ವರ್ಷಗಳಲ್ಲೇ ಮುಚ್ಚಿಹೋಗುತ್ತಿದ್ದವು. ಅವರು ಹಣ ಕೊಟ್ಟರು, ಫ್ರಾನ್ಸಿನಿಂದ ದ್ರಾಕ್ಷಿ ಬೇಸಾಯದ ತಜ್ಞರನ್ನು ಕಳಿಸಿದರು, ರಿಶೋನ್‌ನಲ್ಲಿ ದೊಡ್ಡ ದ್ರಾಕ್ಷಾರಸದ ಉಗ್ರಾಣ ಕಟ್ಟಿಸಿದರು. ಜೊತೆಗೆ ತಮ್ಮ ಮೇಲ್ವಿಚಾರಕರನ್ನೂ ಕಳಿಸಿದರು. ಸ್ವಂತ ಕಾಲ ಮೇಲೆ ನಿಲ್ಲಲು ಬಂದವರು ಬ್ಯಾರನ್ನರ ಸಂಬಳದ ಲೆಕ್ಕದಲ್ಲಿ ಸೇರಿದರು. ಹೊಲದ ಕೂಲಿಗೆ ಅಕ್ಕಪಕ್ಕದ ಅರಬ್ ಹಳ್ಳಿಗಳವರೇ ಬರುತ್ತಿದ್ದರು.

ಇನ್ನೊಂದು ಅಂಕಿ ಇಲ್ಲಿ ನೆನಪಿಡಬೇಕು. 1881ರಿಂದ 1914ರವರೆಗೆ ಪೂರ್ವ ಯೂರೋಪು ಬಿಟ್ಟು ಹೊರಟ ಯೆಹೂದಿಗಳಲ್ಲಿ ಸುಮಾರು 20 ಲಕ್ಷ ಮಂದಿ ಅಮೆರಿಕಕ್ಕೆ ಹೋದರು. ಮೊದಲ ಅಲಿಯಾದ ಇಪ್ಪತ್ತು ವರ್ಷಗಳಲ್ಲಿ ಪ್ಯಾಲೆಸ್ಟೈನಿಗೆ ಬಂದವರು ಸುಮಾರು 25ರಿಂದ 30 ಸಾವಿರ. ಅವರಲ್ಲೂ ಅನೇಕರು ನಿಲ್ಲಲಿಲ್ಲ. ಬಾಗಿಲು ತೆರೆದಿದ್ದಾಗ ಬಹುಪಾಲು ಜನ ಆರಿಸಿಕೊಂಡದ್ದು ನ್ಯೂಯಾರ್ಕನ್ನು.

ಉಳುವವನ ಹೆಸರಿಲ್ಲದ ದಾಖಲೆ

ಹಳ್ಳಿ ಕಟ್ಟಲು ನೆಲ ಬೇಕು. ಅದು ಯಾರದ್ದಾಗಿತ್ತು? ಪ್ಯಾಲೆಸ್ಟೈನ್ ಆಗ ತುರ್ಕಿಯ ಆಟೊಮನ್ ಸಾಮ್ರಾಜ್ಯದ ಭಾಗ. ಜನರಲ್ಲಿ ಬಹುಪಾಲು ಅರಬ್ಬರು. ಮುಸ್ಲಿಮರು ಹೆಚ್ಚು, ಕ್ರೈಸ್ತರೂ ಇದ್ದರು. 1858ರಲ್ಲಿ ಆಟೊಮನ್ ಸರ್ಕಾರ ಭೂಮಿಯನ್ನು ಹೆಸರು ಹಾಕಿಸಿ ದಾಖಲಿಸಬೇಕೆಂದು ಕಾನೂನು ಮಾಡಿತು. ದಾಖಲೆಯಲ್ಲಿ ಹೆಸರು ಬಂದರೆ ಕಂದಾಯ ಹೇರುತ್ತಾರೆ, ಮಗನನ್ನು ಸೈನ್ಯಕ್ಕೆ ಎಳೆದೊಯ್ಯುತ್ತಾರೆ ಎಂದು ಅನೇಕ ರೈತರು ಹೆದರಿದರು. ಪಟ್ಟಣದ ದೊಡ್ಡ ಮನುಷ್ಯರು, ಸಾಲ ಕೊಟ್ಟ ಸಾಹುಕಾರರು ತಮ್ಮ ಹೆಸರಿಗೆ ಬರೆಸಿಕೊಂಡರು. ಖಜಾನೆಗೆ ಹಣ ಬೇಕಾದಾಗ ಸರ್ಕಾರವೇ ಬಯಲುಗಟ್ಟಲೆ ಭೂಮಿಯನ್ನು ಬೈರೂತಿನ ವರ್ತಕರಿಗೆ ಮಾರಿತು. ಉಳುವವರು ಉಳುತ್ತಲೇ ಇದ್ದರು. ಕಾಗದದಲ್ಲಿ ಮಾತ್ರ ಒಡೆಯ ಬೇರೆಯಾಗಿದ್ದ.

ಕರ್ನಾಟಕದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸವದತ್ತಿ ತಾಲ್ಲೂಕಿನ ಹೂಲಿ ಒಂದು ಕಾಲದ ಹೆಸರುವಾಸಿ ಅಗ್ರಹಾರ. ಅಲ್ಲಿನ ಚಾಲುಕ್ಯರ ಕಾಲದ ಶಾಸನಗಳು ಊರಿನ ಸಾವಿರ ಮಹಾಜನರನ್ನೂ ದೇವರಿಗೆ ಬಿಟ್ಟ ಭೂಮಿಯನ್ನೂ ಹೇಳುತ್ತವೆ. ಇಂಥ ದಾನಶಾಸನಗಳಲ್ಲಿ ಕೊಟ್ಟವರ ಹೆಸರಿರುತ್ತದೆ, ಪಡೆದವರ ಹೆಸರಿರುತ್ತದೆ, ಕೆಡಿಸಿದವರಿಗೆ ಶಾಪವೂ ಇರುತ್ತದೆ. ಆ ಮಣ್ಣಿನಲ್ಲಿ ನೇಗಿಲು ಹೂಡುತ್ತಿದ್ದವನ ಹೆಸರು ಸಿಗುವುದು ಅಪರೂಪ. ತೀರಾ ಇತ್ತೀಚಿನವರೆಗೂ ಮಲೆನಾಡಿನ ಗೇಣಿದಾರ, ಬೆಳಗಾವಿ ಧಾರವಾಡ ಸೀಮೆಯಲ್ಲಿ ಲಾವಣಿಗೆ ಹೊಲ ಮಾಡಿದವನು ತಲೆಮಾರುಗಟ್ಟಲೆ ದುಡಿದರೂ ಉತಾರದಲ್ಲಿ ಹೆಸರು ಬೇರೆಯವರದೇ ಆಗಿತ್ತು. 1951ರ ಕಾಗೋಡು ಸತ್ಯಾಗ್ರಹ, 1974ರ ಭೂಸುಧಾರಣಾ ಕಾನೂನು ಎರಡರ ಹಿಂದೆಯೂ ಇದ್ದ ಪ್ರಶ್ನೆ ಇದೇ: ನೆಲ ದಾಖಲೆಯಲ್ಲಿ ಹೆಸರಿದ್ದವನದೋ, ಉಳುವವನದೋ?

ಪ್ಯಾಲೆಸ್ಟೈನಿನಲ್ಲಿ ಈ ಪ್ರಶ್ನೆಗೆ ಇನ್ನೊಂದು ತೊಡಕು ಸೇರಿತು. ಹಿಂದೆಲ್ಲ ಒಡೆಯ ಬದಲಾದರೂ ಒಕ್ಕಲು ಬದಲಾಗುತ್ತಿರಲಿಲ್ಲ. ಈಗ ಕೊಂಡವರು ತಾವೇ ಉಳಲು ಬಂದವರು. 1886ರಲ್ಲಿಯೇ ಪೆತಾ ತಿಕ್ವಾದಲ್ಲಿ ದನ ಮೇಯಿಸುವ ಹಕ್ಕಿನ ವಿಚಾರವಾಗಿ ನೆರೆಯ ಹಳ್ಳಿಯವರೊಂದಿಗೆ ಹೊಡೆದಾಟವಾಯಿತು. 1891ರಲ್ಲಿ ಅಲ್ಲಿಗೆ ಭೇಟಿ ಕೊಟ್ಟ ಅಹದ್ ಹಾಆಮ್ ಎಂಬ ಹೆಸರಿನ ಹೀಬ್ರೂ ಲೇಖಕರು, ದೇಶ ಖಾಲಿ ಬಿದ್ದಿದೆ ಎಂಬ ಭ್ರಮೆ ಬೇಡ, ಬೇಸಾಯಕ್ಕೆ ಬರುವ ಭೂಮಿ ಬೀಳು ಬಿದ್ದಿರುವುದು ಕಡಿಮೆ, ಅರಬ್ಬರಿಗೆ ನಮ್ಮ ಉದ್ದೇಶ ಅರ್ಥವಾಗದೆಂದು ತಿಳಿಯಬೇಡಿ ಎಂದು ತಮ್ಮವರನ್ನೇ ಎಚ್ಚರಿಸಿದರು. ಎಚ್ಚರಿಕೆ ಹೊರಗಿನಿಂದಲ್ಲ, ಚಳವಳಿಯ ಒಳಗಿನಿಂದಲೇ ಬಂತು.

ಬಾಸೆಲ್ ಕರೆ, ಮುಂಬಯಿ ಉತ್ತರ

ಇಷ್ಟು ಹೊತ್ತಿಗೆ ಜಿಯೋನಿಸಂ ಎಂಬ ಪದ ಬಂದಿತ್ತು. 1890ರಲ್ಲಿ ಅದನ್ನು ಬಳಕೆಗೆ ತಂದವರು ವಿಯೆನ್ನಾದ ನೇಥನ್ ಬಿರ್ನ್‌ಬೌಮ್. ಅದಕ್ಕೆ ರಾಜಕೀಯ ರೂಪ ಕೊಟ್ಟವರು ಅದೇ ನಗರದ ಪತ್ರಕರ್ತ ಥಿಯೋಡರ್ ಹರ್ಜಲ್. ಪ್ಯಾರಿಸ್ಸಿನಲ್ಲಿ ಡ್ರೈಫಸ್ ಎಂಬ ಯೆಹೂದಿ ಸೈನ್ಯಾಧಿಕಾರಿಯ ಮೇಲೆ ದೇಶದ್ರೋಹದ ಸುಳ್ಳು ಆರೋಪ ಹೊರಿಸಿದ ಪ್ರಕರಣವನ್ನು ವರದಿ ಮಾಡಿದವರು ಅವರು. 1896ರಲ್ಲಿ ಯೆಹೂದಿ ರಾಜ್ಯದ ಕುರಿತ ಪುಸ್ತಕ ಪ್ರಕಟಿಸಿದರು. 1897ರ ಆಗಸ್ಟ್ 29ರಿಂದ 31ರವರೆಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಮೊದಲ ಜಿಯೋನಿಸ್ಟ್ ಕಾಂಗ್ರೆಸ್ ಸೇರಿಸಿದರು. ಪ್ಯಾಲೆಸ್ಟೈನಿನಲ್ಲಿ ಯೆಹೂದಿ ಜನರಿಗೆ ಕಾನೂನಿನ ಭದ್ರತೆಯುಳ್ಳ ಮನೆಯೊಂದು ಬೇಕೆಂಬುದು ಅಲ್ಲಿನ ನಿರ್ಣಯ. ಹಳ್ಳಿಗೊಂದು ಹಳ್ಳಿ ಸೇರಿಸುತ್ತಿದ್ದ ಹಳೆಯ ಸಂಘಗಳಿಗಿಂತ ಹರ್ಜಲ್ ಭಿನ್ನವಾದದ್ದು ಇಲ್ಲಿ. ಮೊದಲು ದೊಡ್ಡ ಶಕ್ತಿಗಳ ಒಪ್ಪಿಗೆ, ಆಮೇಲೆ ನೆಲೆ ಎಂಬುದು ಅವರ ದಾರಿ.

ಮುಂಬಯಿಯ ಬೆನೆ ಇಸ್ರೇಲ್ ಸಮುದಾಯಕ್ಕೂ ಬಾಸೆಲಿನ ಆಹ್ವಾನ ಬಂದಿತ್ತು. ಸಮುದಾಯದ ಹಿರಿಯರು ಒಪ್ಪಲಿಲ್ಲ. ಜಿಯೋನಿಗೆ ಮರಳಿಸುವುದು ದೈವದ ಕೈ. ಅದಕ್ಕಾಗಿ ತಾವು ಕಾಯುತ್ತೇವೆ ಎಂಬುದು ಅವರ ನಿಲುವಾಗಿತ್ತು. ಇದನ್ನು ಹಳೆಯ ಕಾಲದ ಮುಗ್ಧ ಭಕ್ತಿ ಎಂದಷ್ಟೇ ತಿಳಿಯಬಾರದು. ಬಾಸೆಲಿನಲ್ಲಿ ಸೇರಿದವರನ್ನು ಕಾಡುತ್ತಿದ್ದ ಭಯ ಮುಂಬಯಿಯಲ್ಲಿ ಇರಲಿಲ್ಲ. ನೆರೆಯವರು ಬಾಗಿಲು ಮುರಿದ ನೆನಪಿಲ್ಲದ ಜನರಿಗೆ ಊರು ಬಿಡುವ ತುರ್ತು ಹುಟ್ಟುವುದಿಲ್ಲ. ಪ್ರಾರ್ಥನೆ ಎರಡೂ ಕಡೆ ಒಂದೇ. ಅದನ್ನು ಪ್ರಯಾಣವಾಗಿಸಿದ್ದು ಧರ್ಮಗ್ರಂಥವಲ್ಲ, ಯೂರೋಪಿನ ದ್ವೇಷ. ಮುಂಬಯಿಯಲ್ಲಿ ಜಿಯೋನಿಸ್ಟ್ ಸಂಘ ಸ್ಥಾಪನೆಯಾದದ್ದು 1920ರಲ್ಲಿ.

ಜೆರುಸಲೇಮಿನಿಂದಲೂ ಒಂದು ಉತ್ತರ ಬಂತು. ಆ ನಗರದ ಮೇಯರ್ ಆಗಿದ್ದ, ಆಟೊಮನ್ ಸಂಸತ್ತಿನಲ್ಲಿಯೂ ಕುಳಿತಿದ್ದ ಯೂಸುಫ್ ಅಲ್ ಖಾಲಿದಿ 1899ರ ಮಾರ್ಚ್‌ನಲ್ಲಿ ಫ್ರಾನ್ಸಿನ ಮುಖ್ಯ ಯೆಹೂದಿ ಧರ್ಮಗುರುವಿಗೆ ಪತ್ರ ಬರೆದರು. ಯೆಹೂದಿಗಳಿಗೆ ಆ ನಾಡಿನೊಂದಿಗಿರುವ ಐತಿಹಾಸಿಕ ನಂಟನ್ನು ಅವರು ಅಲ್ಲಗಳೆಯಲಿಲ್ಲ. ಆದರೆ ಅಲ್ಲಿ ಈಗ ಬೇರೆ ಜನ ವಾಸವಾಗಿದ್ದಾರೆ, ಆದ್ದರಿಂದ ಪ್ಯಾಲೆಸ್ಟೈನನ್ನು ಬಿಟ್ಟುಬಿಡಿ ಎಂದು ಬೇಡಿಕೊಂಡರು. ಪತ್ರ ಹರ್ಜಲ್ ಕೈ ಸೇರಿತು. ಯೆಹೂದಿಗಳ ಹಣ, ಬುದ್ಧಿಗಳಿಂದ ಅರಬ್ಬರಿಗೂ ಏಳಿಗೆಯಾಗುತ್ತದೆ, ಭಯ ಬೇಡ ಎಂದು ಹರ್ಜಲ್ ಉತ್ತರಿಸಿದರು. ಒಬ್ಬರು ಕೇಳಿದ್ದು ನೆಲದ ಮಾತು, ಇನ್ನೊಬ್ಬರು ಕೊಟ್ಟದ್ದು ಸಮೃದ್ಧಿಯ ಭರವಸೆ. ಈ ಎರಡು ಮಾತುಗಳು ಮುಂದೆಯೂ ಬಹಳ ಕಾಲ ಒಂದನ್ನೊಂದು ಮುಟ್ಟದೆ ಸಾಗಿದವು.

ಭೂಮಿ ಕೊಳ್ಳಲೆಂದೇ 1901ರಲ್ಲಿ ಯೆಹೂದಿ ರಾಷ್ಟ್ರೀಯ ನಿಧಿ ಸ್ಥಾಪನೆಯಾಯಿತು. ಅದು ಕೊಂಡ ನೆಲ ಯೆಹೂದಿ ಜನರ ಸಾಮೂಹಿಕ ಆಸ್ತಿ, ಮತ್ತೆ ಮಾರತಕ್ಕದ್ದಲ್ಲ ಎಂಬುದು ನಿಯಮ. 1903ರಲ್ಲಿ ರಷ್ಯಾ ಸಾಮ್ರಾಜ್ಯದ ಕಿಶಿನೆವ್ ನಗರದಲ್ಲಿ ಮತ್ತೆ ಹತ್ಯಾಕಾಂಡ ನಡೆಯಿತು. ಅದೇ ವರ್ಷ ಬ್ರಿಟನ್ ಪೂರ್ವ ಆಫ್ರಿಕಾದಲ್ಲಿ ಜಾಗ ಕೊಡುವ ಮಾತೆತ್ತಿತು. 1905ರ ಕಾಂಗ್ರೆಸ್ ಅದನ್ನು ತಿರಸ್ಕರಿಸಿತು. 1904ರಿಂದ ಬಂದ ಎರಡನೆಯ ಅಲೆಯವರು ಸಮಾಜವಾದ ಓದಿದ ಯುವಕ ಯುವತಿಯರು. ಕೂಲಿಗೆ ಅರಬ್ಬರನ್ನು ಕರೆಯಬಾರದು, ನಮ್ಮ ಹೊಲದಲ್ಲಿ ನಮ್ಮ ಕೈಗಳೇ ದುಡಿಯಬೇಕು ಎಂಬುದು ಅವರ ತತ್ತ್ವ. ಒಂದು ಕಡೆಯಿಂದ ನೋಡಿದರೆ ಇದು ಶೋಷಣೆ ಬೇಡವೆಂಬ ಆದರ್ಶ. ಇನ್ನೊಂದು ಕಡೆಯಿಂದ ನೋಡಿದರೆ, ನೆಲ ಕಳೆದುಕೊಂಡ ರೈತನಿಗೆ ಕೂಲಿಯೂ ಇಲ್ಲವಾಯಿತು. 1909ರಲ್ಲಿ ಟೆಲ್ ಅವೀವ್ ನಗರಕ್ಕೆ ಅಡಿಪಾಯ ಬಿತ್ತು. 1910ರಲ್ಲಿ ದೆಗಾನಿಯಾ ಎಂಬಲ್ಲಿ ಮೊದಲ ಕಿಬ್ಬುಟ್ಜ್, ಅಂದರೆ ಒಂದೇ ಅಡುಗೆಮನೆ, ಒಂದೇ ಗಂಟಿನ ಸಾಮೂಹಿಕ ಬೇಸಾಯದ ಊರು, ಆರಂಭವಾಯಿತು.

ಜೆಜ್ರೀಲ್ ಬಯಲಿನ ಮಾರಾಟ ನಡೆದದ್ದೂ 1910ರಲ್ಲೇ. ಮಾರಿದವರು ಬೈರೂತಿನ ಸುರ್ಸೊಕ್ ಮನೆತನದವರು. ಮಾರಾಟವಾದ ಅಲ್ ಫೂಲಾ ಹಳ್ಳಿಯ ಒಕ್ಕಲುಗಳ ಪರವಾಗಿ ನಜರೇತಿನ ಅಧಿಕಾರಿ ಶುಕ್ರಿ ಅಲ್ ಅಸಲಿ ಹೋರಾಡಿದರು. ಕ್ರಯವನ್ನು ತಡೆಯಲು ಯತ್ನಿಸಿದರು, ಪತ್ರಿಕೆಗಳಲ್ಲಿ ಬರೆದರು, ಮುಂದೆ ಆಟೊಮನ್ ಸಂಸತ್ತಿನಲ್ಲಿಯೂ ಪ್ರಸ್ತಾಪಿಸಿದರು. ಕಾನೂನು ಕೊಂಡವರ ಕಡೆಗಿತ್ತು. 1911ರಲ್ಲಿ ಅಲ್ಲಿ ಮೆರ್ಹಾವಿಯಾ ಎಂಬ ಯೆಹೂದಿ ನೆಲೆ ಎದ್ದಿತು. ಒಂದು ಊರಿನ ಒಕ್ಕಲೆಬ್ಬಿಸುವಿಕೆ ಇಡೀ ದೇಶದ ರಾಜಕೀಯ ಪ್ರಶ್ನೆಯಾದ ಮೊದಲ ಸಂದರ್ಭಗಳಲ್ಲಿ ಇದೂ ಒಂದು.

ಸವಾರರು ಬಂದ ನಂತರ

1914ರಲ್ಲಿ ಪ್ಯಾಲೆಸ್ಟೈನಿನ ಸುಮಾರು 7 ಲಕ್ಷ ಜನರಲ್ಲಿ ಯೆಹೂದಿಗಳು ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು. ಯುದ್ಧ ಲೆಕ್ಕವನ್ನೇ ಬದಲಿಸಿತು. ಅರಬ್ಬರಿಗೆ ಸ್ವಾತಂತ್ರ್ಯದ ಆಸೆ ತೋರಿಸಿದ್ದ ಬ್ರಿಟನ್, 1917ರ ನವೆಂಬರ್ 2ರ ಬಾಲ್ಫರ್ ಘೋಷಣೆಯಲ್ಲಿ ಯೆಹೂದಿಗಳಿಗೆ ಪ್ಯಾಲೆಸ್ಟೈನಿನಲ್ಲಿ ರಾಷ್ಟ್ರೀಯ ಮನೆಯ ಭರವಸೆಯನ್ನೂ ಕೊಟ್ಟಿತು. ಹರ್ಜಲ್ 1904ರಲ್ಲೇ ತೀರಿಕೊಂಡಿದ್ದರು. ಅವರು ಹುಡುಕಿದ್ದ ದೊಡ್ಡ ಶಕ್ತಿಯ ಒಪ್ಪಿಗೆ ಹೀಗೆ ಸಿಕ್ಕಿತು. ಮೈಸೂರಿನ ಸವಾರರು ಕಾರ್ಮೆಲ್ ಬೆಟ್ಟ ಹತ್ತಿದ್ದು ಅದಾದ ಹತ್ತು ತಿಂಗಳ ಮೇಲೆ. ಯಾರ ನೆಲ ಯಾರಿಗೆ ಎಂಬ ತೀರ್ಮಾನದಲ್ಲಿ ಅವರ ಪಾತ್ರವಿರಲಿಲ್ಲ. ಆದರೆ ಕೊಟ್ಟ ಮಾತನ್ನು ಬ್ರಿಟನ್ ನಡೆಸಬೇಕಾದರೆ ಆ ನೆಲ ಅದರ ಕೈಗೆ ಬರಬೇಕಿತ್ತು. ಅದನ್ನು ತಂದುಕೊಟ್ಟವರಲ್ಲಿ ಇವರೂ ಇದ್ದರು.

ಮುಂದಿನ ಕಥೆ ದೊಡ್ಡದು. ಹಿಟ್ಲರನ ಕಾಲದಲ್ಲಿ ಯೂರೋಪಿನ 60 ಲಕ್ಷ ಯೆಹೂದಿಗಳ ಕೊಲೆಯಾಯಿತು. ಅದಕ್ಕೆ ಮೊದಲೇ ಹಲವು ದೇಶಗಳು ನಿರಾಶ್ರಿತರಿಗೆ ಬಾಗಿಲು ಕಿರಿದು ಮಾಡಿದ್ದವು. 1948ರಲ್ಲಿ ಇಸ್ರೇಲ್ ಹುಟ್ಟಿತು. ಆ ಯುದ್ಧದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ಟೈನ್ ಅರಬ್ಬರು ಮನೆ ಕಳೆದುಕೊಂಡರು. ಒಂದು ಜನಾಂಗದ ಆಶ್ರಯ ಇನ್ನೊಂದು ಜನಾಂಗದ ಗಡೀಪಾರಾಯಿತು.

ಆಗ ನಮ್ಮ ಕರಾವಳಿಯ ಯೆಹೂದಿಗಳೂ ಹೊರಟರು. 1951ರ ಜನಗಣತಿಯಲ್ಲಿ ಭಾರತದಲ್ಲಿ ಸುಮಾರು 26 ಸಾವಿರ ಯೆಹೂದಿಗಳಿದ್ದರು. ಮುಂದಿನ ದಶಕಗಳಲ್ಲಿ ಬಹುಪಾಲು ಇಸ್ರೇಲಿಗೆ ಹೋದರು. ಅಟ್ಟಿಸಿಕೊಂಡು ಹೋದವರಲ್ಲ. ಕೆಲವರನ್ನು ಹಳೆಯ ಪ್ರಾರ್ಥನೆ ಕರೆಯಿತು, ಕೆಲವರನ್ನು ಕೆಲಸದ ಆಸೆ, ಮೊದಲು ಹೋದ ಬಂಧುಗಳು ಕರೆದರು. ಕೊಚ್ಚಿಯಿಂದ ಹೋದವರು ಬೀರ್‌ಶೆಬಾ ಮರುಭೂಮಿಯ ಬಳಿ ನೆವಾತಿಮ್ ಎಂಬ ಹಳ್ಳಿಯಲ್ಲಿ ನೆಲೆಸಿ, ಬೇಸಾಯ ಕಲಿತು ಹೂ ಬೆಳೆದರು. ಬೆನೆ ಇಸ್ರೇಲಿನವರ ಅನುಭವ ಕಹಿಯಾಗಿಯೂ ಇತ್ತು. 1950ರ ದಶಕದ ಆರಂಭದಲ್ಲಿಯೇ ಕೆಲವರು ತಾರತಮ್ಯವೆಂದು ಧರಣಿ ಕೂತು ಭಾರತಕ್ಕೆ ಮರಳಿದರು. 1962ರಲ್ಲಿ ಅಲ್ಲಿನ ಧರ್ಮಾಧಿಕಾರಿಗಳು, ಮದುವೆಗೆ ಮೊದಲು ಇವರ ವಂಶಾವಳಿ ವಿಚಾರಿಸಬೇಕೆಂದರು. ಶನಿವಾರದ ಗಾಣ ಬಿಟ್ಟು ಶತಮಾನಗಳ ಕಾಲ ಗುರುತು ಕಾಪಾಡಿಕೊಂಡವರು ತಾವು ಯೆಹೂದಿಗಳೆಂದು ಜೆರುಸಲೇಮಿನಲ್ಲೇ ರುಜುವಾತು ಮಾಡಬೇಕಾಯಿತು. ಎರಡು ವರ್ಷದ ಹೋರಾಟದ ಬಳಿಕ, 1964ರಲ್ಲಿ, ಇಸ್ರೇಲ್ ಸಂಸತ್ತು ಇವರು ಎಲ್ಲ ರೀತಿಯಲ್ಲೂ ಸಮಾನರೆಂದು ಘೋಷಿಸಿತು.

ಪ್ರಾರ್ಥನೆಯಲ್ಲಿದ್ದ ಜಿಯೋನಿಗೆ ಗಡಿಕಲ್ಲುಗಳಿರಲಿಲ್ಲ, ಖಾತೆದಾರರಿರಲಿಲ್ಲ. ನೇಗಿಲು ಊರಿದ ಜಿಯೋನಿನಲ್ಲಿ ಇವೆರಡೂ ಇದ್ದವು, ಮೊದಲೇ ಉಳುತ್ತಿದ್ದವರೂ ಇದ್ದರು. ರಷ್ಯಾದಲ್ಲಿ ಮನೆ ಸುಟ್ಟು ಬಂದವನ ಸಂಕಟ ಸುಳ್ಳಲ್ಲ. ಅಲ್ ಫೂಲಾದಲ್ಲಿ ಹೊಲ ಬಿಟ್ಟೆದ್ದವನ ಸಂಕಟವೂ ಸುಳ್ಳಲ್ಲ. 1891ರಲ್ಲಿ, 1899ರಲ್ಲಿ ಬಂದ ಎಚ್ಚರಿಕೆಗಳು ಎರಡನ್ನೂ ಒಟ್ಟಿಗೆ ನೋಡಿ ಎಂದೇ ಕೇಳಿದ್ದವು. ಆಗ ಸಂಖ್ಯೆಗಳು ಚಿಕ್ಕವಿದ್ದವು, ಹಳ್ಳಿಗಳು ಕೆಲವೇ ಇದ್ದವು, ಮಾತಿಗೆ ಇನ್ನೂ ಸಮಯವಿತ್ತು.